ಹರಿಯದ ಸುರುಳಿ

ನಮ್ಮವರಿಗೆ ಮನುಷ್ಯರಿಗಿಂತ ಕಾಗದದ ಮೇಲೆ ಕರುಣೆ ಜಾಸ್ತಿ. ನನಗೆ ಜ್ವರ ಬಂದರೆ "ಬಂದದ್ದು ಹೋಗುತ್ತೆ ಬಿಡು" ಎನ್ನುವ ಮನುಷ್ಯ, ಯಾರದೋ ಅಂಕಪಟ್ಟಿಯ ಮೂಲೆ ಮಡಚಿದ್ದನ್ನು ಕಂಡರೆ ಊಟ ಬಿಡುತ್ತಾರೆ. "ಕಾಗದಕ್ಕೆ ಮೂರು ಶತ್ರು ಕಣೇ. ನೀರು, ಗೆದ್ದಲು, ನೆಂಟರು" ಎಂಬುದು ಇವರ ಸಿದ್ಧಾಂತ. ಮೂರನೆಯದರ ವಿವರಣೆಯನ್ನು ನಾನು ಇದುವರೆಗೆ ಕೇಳಿಲ್ಲ. ಕೇಳಿದರೆ ನನ್ನ ತವರಿನ ಮಾತು ಬರುತ್ತದೆಂದು ಗೊತ್ತು.

ನಮ್ಮದು ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ. ಜೆರಾಕ್ಸ್ ಯಂತ್ರ ನನ್ನ ಸುಪರ್ದಿಯಲ್ಲಿದೆ. ಅದಕ್ಕೆ ಸ್ವಲ್ಪ ಬುದ್ಧಿ ಬೇಕು. ಲ್ಯಾಮಿನೇಷನ್ ಯಂತ್ರ ಅವರದು. ಅದಕ್ಕೆ ಉತ್ಸಾಹ ಒಂದಿದ್ದರೆ ಸಾಕು. ನಮ್ಮ ಮದುವೆಯ ಫೋಟೊ, ಅವರಮ್ಮ ಬರೆದಿಟ್ಟಿದ್ದ ದಿನಸಿ ಚೀಟಿ, ನನ್ನ ಟೈಪಿಂಗ್ ಸರ್ಟಿಫಿಕೇಟು ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿ ಆಗಿದೆ. ಒಂದು ವರ್ಷ ಗೋಡೆಯ ಕ್ಯಾಲೆಂಡರನ್ನು ಹಾಗೆಯೇ ಯಂತ್ರದೊಳಗೆ ತಳ್ಳಿಬಿಟ್ಟರು. ಹಾಳೆ ಮಗುಚಲು ಬಾರದೆ ನಮ್ಮ ಮನೆಯಲ್ಲಿ ಡಿಸೆಂಬರಿನವರೆಗೂ ಜನವರಿಯೇ ನಡೆಯಿತು. ಇನ್ನೊಮ್ಮೆ ಗಿರಾಕಿಯೊಬ್ಬರು ಖಾಲಿ ಅರ್ಜಿಯನ್ನು ಕೌಂಟರಿನ ಮೇಲಿಟ್ಟು ಪೆನ್ನು ತರಲು ಹೋದರು. ಬರುವಷ್ಟರಲ್ಲಿ ಅರ್ಜಿ ಬಿಸಿಬಿಸಿಯಾಗಿ ಹೊರಬಂದಿತ್ತು. "ಇನ್ನು ಇದಕ್ಕೆ ಏನೂ ಆಗಲ್ಲ ಸಾರ್" ಎಂದರು ನಮ್ಮವರು. ನಿಜ. ಅದನ್ನು ತುಂಬುವುದಕ್ಕೂ ಆಗಲಿಲ್ಲ.

ಇಂಥವರ ಕೈಗೆ ಒಂದು ಮಂತ್ರದ ಸುರುಳಿ ಸಿಕ್ಕಿತು. ಅದರಿಂದ ನನ್ನ ಅಕ್ಕನ ಮನೆ ಮತ್ತೆ ಮನೆಯಾಯಿತು. ಅದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ನಾನು ಕೃತಘ್ನಳಾಗುತ್ತೇನೆ.

ಅಕ್ಕ ಬಟ್ಟೆ ಹೊಲಿಯುತ್ತಾಳೆ. ಭಾವ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಬೇರೆಯವರು ನಿವೃತ್ತರಾದಾಗ ಕೆಲಸ ಬಿಡುತ್ತಾರೆ. ಭಾವ ಬರೀ ಕಚೇರಿ ಬಿಟ್ಟರು. ಅವರ ಮನೆಯಲ್ಲಿ ಒಂದು ಬನ್ನನ್ನು ಎರಡು ಮಾಡಿದರೆ, ಎರಡೂ ಸಮ ಎಂದು ಅವರು ತೀರ್ಪು ಕೊಡುವವರೆಗೆ ಯಾರೂ ಬಾಯಿಗಿಡುವಂತಿಲ್ಲ. ನಮ್ಮವರನ್ನು ಅವರು ಕರೆಯುವುದೇ "ಪ್ಲಾಸ್ಟಿಕ್" ಎಂದು. "ಏನಯ್ಯ ಪ್ಲಾಸ್ಟಿಕ್, ಚೆನ್ನಾಗಿದ್ದೀಯಾ?" ನಮ್ಮವರು ಹಲ್ಲು ಕಿರಿದು "ಚೆನ್ನಾಗಿದ್ದೀನಿ ಅಣ್ಣ" ಎನ್ನುತ್ತಾರೆ. ಷಡ್ಡಕನಾದರೂ ವಯಸ್ಸಿನಲ್ಲಿ ಹಿರಿಯರೆಂದು ಅಣ್ಣ ಎನ್ನುವುದು. ಮನೆಗೆ ಬಂದ ಮೇಲೆ ಅದೇ ಹಲ್ಲು ಕಡಿಯುತ್ತಾರೆ.

ನಿವೃತ್ತಿಯ ದಿನ ಕಚೇರಿಯ ಕಿರಿಯರು ಭಾವನಿಗೆ ಒಂದು ಆಟದ ಪೆಟ್ಟಿಗೆ ಉಡುಗೊರೆ ಕೊಟ್ಟರು. ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಆ ಕಥೆಯೊಳಗಿನ ವೀರರೋ ಮಾಂತ್ರಿಕರೋ ಆಗುತ್ತಾರೆ. ಕಥೆ ನಡೆಸುವವರು ಗುಹೆ ಬಂತು ಎಂದರೆ ಗುಹೆ ಬಂತು. ಹೆಬ್ಬಾವು ಬಂತು ಎಂದರೆ ಹೆಬ್ಬಾವು ಬಂತು. ಹಾವು ಸತ್ತಿತೋ ನೀವು ಸತ್ತಿರೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ. ಪೆಟ್ಟಿಗೆಯ ಜೊತೆ ಬಂದ ನಿಯಮಗಳು ತೀರಾ ಸಡಿಲವಾಗಿವೆ ಎಂದು ಭಾವ ತಾವೇ ಒಂದು ದಪ್ಪ ಪುಸ್ತಕದಲ್ಲಿ ಬಿಗಿಯಾದ ನಿಯಮಗಳನ್ನು ಬರೆದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಅವರು. ಮೊಲವೂ ಅವರದೇ ಆದರೆ ಕೇಳಬೇಕೆ?

ಪ್ರತಿ ಭಾನುವಾರ ಮಧ್ಯಾಹ್ನ ಆಟ. ಬೇಕರಿಯವರು ಕೊಡಲಿ ಹಿಡಿದ ವೀರ. ಔಷಧಿ ಅಂಗಡಿಯ ಕಾಂಪೌಂಡರ್ ಮಾಂತ್ರಿಕ. ಈ ಕಾಂಪೌಂಡರ್ ಭಾವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಭಾವನಿಗೆ ರಕ್ತದೊತ್ತಡ. ಕಾಂಪೌಂಡರ್ ದಿನಾ ಸಂಜೆ ಅಂಗಡಿ ಮುಚ್ಚಿ, ಮೆಟ್ಟಿಲು ಹತ್ತಿ ಬಂದು, ಮಾತ್ರೆ ಕೈಗಿತ್ತು, ಭಾವ ನುಂಗುವವರೆಗೂ ನಿಂತು ನೋಡಿ, "ಬಾಯಿ ತೆಗಿ" ಎಂದು ಪರೀಕ್ಷಿಸಿ ಹೋಗುತ್ತಿದ್ದರು.

ಒಂದು ಭಾನುವಾರ ಕಥೆಯಲ್ಲಿ ಮಾಂತ್ರಿಕ ಆಳದ ಕಮರಿಯ ಮೇಲೆ ಬಂಡೆಯಿಂದ ಬಂಡೆಗೆ ಜಿಗಿಯಬೇಕಾಗಿ ಬಂತು. ಕಾಂಪೌಂಡರ್ ಹಾಕಿದ ದಾಳ ಮೇಜಿನಿಂದ ಹಾರಿ ಅಕ್ಕನ ಹೊಲಿಗೆ ಯಂತ್ರದ ಕೆಳಗೆ ಹೋಯಿತು. ಬಗ್ಗಿ ನೋಡಿದರೆ ಒಂದು.

"ಮಾಂತ್ರಿಕ ಬಿದ್ದು ಸತ್ತ" ಎಂದರು ಭಾವ.

"ನೆಲಕ್ಕೆ ಬಿದ್ದ ದಾಳ ಲೆಕ್ಕಕ್ಕಿಲ್ಲ ಕಣಯ್ಯ. ಇನ್ನೊಂದು ಸಲ ಹಾಕ್ತೀನಿ."

"ಎಲ್ಲಿ ಬಿದ್ದರೂ ಬಿದ್ದದ್ದೇ. ನಿಯಮ."

"ಯಾವ ಪುಸ್ತಕದ ನಿಯಮ?"

"ನನ್ನ ಪುಸ್ತಕದ್ದು."

"ಹಾಗಾದ್ರೆ ನಿನ್ನ ಪುಸ್ತಕದ ಜೊತೆನೇ ಆಡ್ಕೊ. ನನ್ನ ಮಾಂತ್ರಿಕ ಎದ್ದ ದಿನ ನಾನು ಈ ಮನೆಯೊಳಗೆ ಕಾಲಿಡ್ತೀನಿ" ಎಂದು ಕಾಂಪೌಂಡರ್ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಕೆಲವು ವಾರ ಕಳೆದ ಮೇಲೆ ಅಕ್ಕ ನಮ್ಮ ಅಂಗಡಿಗೆ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಮಾತ್ರೆ ಮುಟ್ತಾ ಇಲ್ಲ ಕಣೇ. ನಾನು ಕೊಟ್ರೆ 'ಅಲ್ಲಿಡು' ಅಂತಾರೆ. ಅದು ಅಲ್ಲೇ ಇರುತ್ತೆ. ಎದುರಿಗಿನ ಕುರ್ಚಿ ನೋಡ್ಕೊಂಡು ಕೂತಿರ್ತಾರೆ. ಮೊನ್ನೆ ಬನ್ನಿನ ದೊಡ್ಡ ಭಾಗ ನನಗೆ ಬಂತು. ಏನೂ ಅನ್ನಲಿಲ್ಲ!" ಎಂದು ಬಿಕ್ಕಿದಳು. ಆ ಕೊನೆಯ ಮಾತು ಕೇಳಿ ನನಗೂ ಭಯವಾಯಿತು.

"ಭಾವ ಹೋಗಿ ಒಂದು ಮಾತು ಕ್ಷಮೆ ಕೇಳಬಾರದಾ?" ಎಂದೆ.

"ಹೇಳಿದೆ. 'ನಾನು ಕ್ಷಮೆ ಕೇಳಿದ್ರೆ ನಿಯಮ ಕ್ಷಮೆ ಕೇಳಿದ ಹಾಗಾಗುತ್ತೆ' ಅಂದ್ರು."

ಒಂದು ದಾರಿ ಮಾತ್ರ ಇತ್ತು. ಜಗಳವಾದ ಮರುವಾರವೇ ಕಥೆಯ ಗುಹೆಯಲ್ಲಿ ಬೇಕರಿಯವರ ವೀರನಿಗೆ ಒಂದು ಸುರುಳಿ ಸಿಕ್ಕಿತ್ತು. ಓದಿದರೆ ಸತ್ತವರು ಏಳುವ ಸುರುಳಿ. ಆದರೆ ನಿಯಮದ ಪ್ರಕಾರ ಅದನ್ನು ಮಾಂತ್ರಿಕನೇ ಓದಬೇಕು. ಕೊಡಲಿಯವನಿಗೆ ಅಕ್ಷರ ಬರುವುದಿಲ್ಲ. ಇದ್ದೊಬ್ಬ ಮಾಂತ್ರಿಕ ಸತ್ತಿದ್ದ. ಹೊಸ ಮಾಂತ್ರಿಕ ಬೇಕು.

"ಈ ಆಟ ಬಲ್ಲವರು ಯಾರಾದ್ರೂ ಇದ್ದಾರೇನೇ?" ಎಂದಳು ಅಕ್ಕ.

"ನಾನಿಲ್ವಾ?" ಎಂದರು ನಮ್ಮವರು, ಲ್ಯಾಮಿನೇಷನ್ ಯಂತ್ರದ ಹಿಂದಿನಿಂದ. "ಚಿಕ್ಕಂದಿನಿಂದ ಆಡಿದ್ದೀನಿ. ನನ್ನ ದಾಳ ಅಂದ್ರೆ ನಮ್ಮ ಬೀದಿಯಲ್ಲಿ ನಡುಗೋರು."

ಇವರು ಚಿಕ್ಕಂದಿನಲ್ಲಿ ಆಡಿದ್ದು ಹಾವು ಏಣಿ. ಅದರಲ್ಲೂ ಹಾವಿನ ಬಾಯಿಗೆ ಬಂದಾಗಲೆಲ್ಲ ಎದ್ದು ನೀರು ಕುಡಿಯಲು ಹೋಗುತ್ತಿದ್ದರೆಂದು ನನ್ನ ನಾದಿನಿ ಹೇಳಿದ್ದಾಳೆ. ಆದರೆ ಅಕ್ಕನ ಮುಖ ಅರಳಿದ್ದನ್ನು ನೋಡಿ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಭಾನುವಾರ ಇವರು ಹೋದರು, ನಾನೂ ಹೋದೆ. ಇಂಥ ಕಾರ್ಯಕ್ಕೆ ಇವರೊಬ್ಬರನ್ನೇ ಕಳಿಸಲು ನನಗೆ ಧೈರ್ಯವಿರಲಿಲ್ಲ. ಭಾವ ಇವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ತೂಕ ಕಡಿಮೆ ಬಂತು ಎಂಬಂತೆ ಉಸಿರುಬಿಟ್ಟು, ಪುಸ್ತಕ ತೆರೆದರು.

"ಕೇಳಿಸ್ಕೊ ಪ್ಲಾಸ್ಟಿಕ್. ಸುರುಳಿಯನ್ನ ಮಾಂತ್ರಿಕ ಮಾತ್ರ ಓದಬಹುದು. ಗಟ್ಟಿಯಾಗಿ, ತಪ್ಪಿಲ್ಲದೆ ಓದಬೇಕು. ಈ ಸುರುಳಿ ಐದನೇ ಮಟ್ಟದ್ದು. ನಿನ್ನ ಮಾಂತ್ರಿಕ ಮೊದಲನೇ ಮಟ್ಟದವನು, ಅದೂ ನನ್ನ ಹೆಂಡತಿಯ ದಾಕ್ಷಿಣ್ಯಕ್ಕೆ. ಆದ್ದರಿಂದ ಓದಿದ ಮೇಲೆ ದಾಳ ಹಾಕಬೇಕು. ಹದಿನೈದು ಅಥವಾ ಮೇಲೆ ಬಿದ್ದರೆ ಮಂತ್ರ ಫಲಿಸ್ತು. ಕಡಿಮೆ ಬಿದ್ದರೆ ವ್ಯರ್ಥ. ಎರಡರಲ್ಲಿ ಏನೇ ಆದರೂ ತಕ್ಷಣ ಸುರುಳಿಯನ್ನ ಹರಿಯಬೇಕು. 'ಹರಿದ ಕ್ಷಣಕ್ಕೆ ಸುರುಳಿಯ ಶಕ್ತಿ ಮುಗಿಯತಕ್ಕದ್ದು.' ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ಸುರುಳಿ ಹರಿದರೆ ಹೋಯ್ತು. ತಿಳೀತಾ?"

"ಇದೆಲ್ಲ ನನಗೆ ಗೊತ್ತಿರೋದೇ ಅಣ್ಣ" ಎಂದರು ಇವರು. ಇವರಿಗೆ ಏನೂ ತಿಳಿದಿಲ್ಲವೆಂದು ನನಗೆ ಖಾತ್ರಿಯಾದದ್ದು ಆಗಲೇ.

ಅವತ್ತಿನ ಆಟವೆಲ್ಲ ಹೊಸ ಮಾಂತ್ರಿಕ ಹಗ್ಗ ಹಿಡಿದು ಕಮರಿಗೆ ಇಳಿಯುವುದರಲ್ಲೇ ಮುಗಿಯಿತು. ಹಗ್ಗದ ತುದಿಯನ್ನು ಕಟ್ಟದೆ ಇಳಿದದ್ದರಿಂದ ಸ್ವಲ್ಪ ಬೇಗನೇ ಇಳಿದ. ಹೆಣ ಸಿಕ್ಕಿತು. ಓದುವ ಕಾರ್ಯಕ್ರಮ ಮುಂದಿನ ಭಾನುವಾರ. ಭಾವ ಪೆಟ್ಟಿಗೆಯಿಂದ ಸುರುಳಿ ತೆಗೆದು ಇವರ ಅಂಗೈಗೆ ಇಟ್ಟರು. ಚಹದ ನೀರಿನಲ್ಲಿ ನೆನೆಸಿ ಒಣಗಿಸಿದ ಕಾಗದ. ಅಂಚನ್ನು ಮೇಣದ ಬತ್ತಿಯಲ್ಲಿ ಸುಟ್ಟು ಕಪ್ಪು ಮಾಡಿದ್ದರು. ಹಳೆಯದಾಗಿ ಕಾಣಲಿ ಎಂದು ಪಟ್ಟ ಶ್ರಮ.

"ಜೋಪಾನವಾಗಿಟ್ಕೊ" ಎಂದರು ಭಾವ. ದನಿ ಸ್ವಲ್ಪ ತಗ್ಗಿತ್ತು. "ಇರೋದು ಇದೊಂದೇ."

ಅಷ್ಟು ನಿಯಮಗಳಲ್ಲಿ ನಮ್ಮವರ ತಲೆಗೆ ಹೋದದ್ದು ಈ ಒಂದು ಮಾತು.

ಸೋಮವಾರ ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಸುರುಳಿಯ ಮುರುಟು ಬಿಡಿಸಲು ಇಸ್ತ್ರಿ ಹಾಕಿದ್ದರು. ಸುಟ್ಟ ಅಂಚನ್ನೆಲ್ಲ ನೇರವಾಗಿ ಕತ್ತರಿಸಿದ್ದರು. ಅಂಗಡಿಯಲ್ಲಿದ್ದ ಅತಿ ದಪ್ಪದ ಹಾಳೆಯಲ್ಲಿ ಲ್ಯಾಮಿನೇಟ್ ಮಾಡಿ, ಚುಚ್ಚದಿರಲೆಂದು ಮೂಲೆಗಳನ್ನು ದುಂಡಗೆ ಮಾಡಿದ್ದರು. ಸುರುಳಿ ಈಗ ಸುರುಳಿಯಾಗಿರಲಿಲ್ಲ, ಹೋಟೆಲಿನ ಮೆನು ಕಾರ್ಡಿನ ಹಾಗೆ ಸೆಟೆದು ನಿಂತಿತ್ತು.

"ಅಣ್ಣ ಎಷ್ಟು ನಿರ್ಲಕ್ಷ್ಯದಿಂದ ಇಟ್ಟಿದ್ರು ನೋಡು. ಯಾರೋ ಚಹ ಚೆಲ್ಲಿದ್ದಾರೆ. ಬೆಂಕಿ ಬೇರೆ ತಾಗಿದೆ. ಪಾಪ, ಹೇಗೋ ಉಳಿಸಿದೆ" ಎಂದರು, ಬೆವರು ಒರೆಸಿಕೊಂಡು.

"ರೀ, ಓದಿದ ಮೇಲೆ ಅದನ್ನ ಹರಿಯಬೇಕು ಅಂದ್ರಲ್ಲ ಭಾವ?"

"ಯಾರಾದ್ರೂ ಒರಿಜಿನಲ್ ಹರೀತಾರೇನೇ? ಅದಕ್ಕೇ ಜೆರಾಕ್ಸ್ ಇರೋದು. ಐದು ಕಾಪಿ ತೆಗಿ."

ನಾನು ತೆಗೆದೆ. ತೆಗೆಯುವಾಗ ಓದಿದೆ. ಮೇಲ್ಗಡೆ ಭಾವನ ಕಚೇರಿಯ ಭಾಷೆ: "ಈ ಸುರುಳಿಯನ್ನು ಓದಿದವನು ಸತ್ತ ಒಬ್ಬನನ್ನು ಎಬ್ಬಿಸತಕ್ಕದ್ದು." ಕೆಳಗೆ ಮಂತ್ರ: "ಏಳು, ಎದ್ದು ಬಾ. ದಾರಿ ಇನ್ನೂ ಮುಗಿದಿಲ್ಲ. ನಿನ್ನ ಕುರ್ಚಿ ಖಾಲಿ ಇದೆ." ಕಮರಿಯಲ್ಲಿ ಬಿದ್ದು ಸತ್ತ ಮಾಂತ್ರಿಕನಿಗೆ ಕುರ್ಚಿಯ ಮಾತೇಕೆ ಎಂದು ಒಂದು ಕ್ಷಣ ಅಂದುಕೊಂಡೆ. ಆಮೇಲೆ ತಿಳಿಯಿತು. ಭಾವನ ಮೇಲೆ ಅಲ್ಲಿಯವರೆಗೆ ಇದ್ದ ಕೋಪವೆಲ್ಲ ಇಳಿದುಹೋಯಿತು.

ನಮ್ಮ ಪಕ್ಕದ ಕೋಣೆಯಲ್ಲಿ ನೋಟರಿ ಕೂರುತ್ತಾರೆ. ಒಂದು ಕೈಯಲ್ಲಿ ಚಹದ ಲೋಟ, ಇನ್ನೊಂದರಲ್ಲಿ ಸೀಲು. ಎರಡೂ ಏಳುತ್ತ ಇಳಿಯುತ್ತ ಇರುತ್ತವೆ. ಎದುರಿಗೆ ಬಂದದ್ದನ್ನು ಓದುವ ಚಾಳಿ ಅವರಿಗಿಲ್ಲ. ನಮ್ಮವರು ಐದೂ ಪ್ರತಿಗಳನ್ನು ಒಯ್ದರು. "ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಲಾಗಿದೆ, ಸತ್ಯ ಪ್ರತಿ" ಎಂದು ಐದು ಸೀಲು, ಐದು ಸಹಿ ಬಿದ್ದವು.

ಹಾಳಾದ್ದು, ಒಂದು ಪ್ರತಿಯನ್ನು ಇವರು ನೋಟರಿಯ ಮೇಜಿನ ಮೇಲೇ ಮರೆತು ಬಂದರು. ಅಲ್ಲಿ ಸರದಿಯಲ್ಲಿ ಕೂತಿದ್ದವರು ಅದನ್ನು ಓದಿದರು. ಸತ್ತವರನ್ನು ಎಬ್ಬಿಸುವ ಪತ್ರ. ನೋಟರಿಯ ಸಹಿ ಬೇರೆ ಇದೆ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಂಗಳವಾರದ ಹೊತ್ತಿಗೆ ನಮ್ಮ ಬೀದಿಗೆಲ್ಲ ಸುದ್ದಿ.

ಮೊದಲು ಬಂದವಳು ಎದುರು ಮನೆಯ ಸೊಸೆ. ಅತ್ತ ಇತ್ತ ನೋಡಿ ಕೌಂಟರಿನ ಮೇಲೆ ಬಗ್ಗಿದಳು.

"ಅಕ್ಕಾ, ಇಲ್ಲಿ ಸತ್ತವರನ್ನ ಎಬ್ಬಿಸೋ ಪತ್ರ ಮಾಡ್ಕೊಡ್ತಾರಂತೆ?"

"ಅದು ಆಟದ್ದಮ್ಮ..."

"ನಮ್ಮತ್ತೆ ಹೋಗಿ ಒಂದು ವರ್ಷ ಆಯ್ತು."

"ಅಯ್ಯೋ ಪಾಪ. ಅವರನ್ನ ಎಬ್ಬಿಸಬೇಕಿತ್ತಾ?"

"ಬೇಡಪ್ಪಾ!" ಎಂದು ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ನಮ್ಮ ಯಜಮಾನರು ಬಂದು ಕೇಳಿದ್ರೆ ಯಂತ್ರ ಕೆಟ್ಟಿದೆ ಅಂತ ಹೇಳಿ. ಅಷ್ಟು ಉಪಕಾರ ಮಾಡಿ."

ಆಮೇಲೆ ಬಂದವರು ಜನನ ಮರಣ ನೋಂದಣಿ ಕಚೇರಿಯ ಗುಮಾಸ್ತರು. ಕಂಕುಳಲ್ಲಿ ಕಡತ, ಮುಖದಲ್ಲಿ ನೋವು.

"ನೋಡಿ, ನಾವು ಒಬ್ಬರಿಗೆ ಮರಣ ಪತ್ರ ಕೊಟ್ಟಾದ ಮೇಲೆ ನೀವು ಎಬ್ಬಿಸಿದ್ರೆ ನಮ್ಮ ಗತಿ ಏನು? ರದ್ದು ಮಾಡೋಕೆ ನಮ್ಮಲ್ಲಿ ಅವಕಾಶವೇ ಇಲ್ಲ. ಎದ್ದವರು ಸೀದಾ ನಮ್ಮ ಕಿಟಕಿಗೇ ಬಂದು ನಿಲ್ತಾರೆ. ಮತ್ತೆ ಹುಟ್ಟಿದವರು ಅಂತ ಬರೆಯೋಣ ಅಂದ್ರೆ ಆಸ್ಪತ್ರೆ ಚೀಟಿ ಬೇಕು."

ನಮ್ಮವರು ಗಂಭೀರವಾಗಿ ಯೋಚಿಸಿದರು. "ಸಾರ್, ಹಳೇ ಮರಣ ಪತ್ರ ಲ್ಯಾಮಿನೇಟ್ ಆಗಿದ್ರೆ ಕಷ್ಟ. ಇಲ್ಲದಿದ್ರೆ ಹರಿದು ಹಾಕಿಬಿಡಿ" ಎಂದು ಸಲಹೆ ಕೊಟ್ಟರು. ಗುಮಾಸ್ತರು ಅದನ್ನು ಬರೆದುಕೊಂಡು ಹೋದರು.

ಕೊನೆಗೆ ನೋಟರಿ ಓಡಿ ಬಂದರು. ಅವರ ಲೋಟ ಕೆಳಗಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. "ಏನ್ರೀ ಇದು! ಇದಕ್ಕೆ ನನ್ನ ಹತ್ರ ಸಹಿ ಹಾಕಿಸಿದ್ದೀರಾ? ಈಗ ಇದು ಸುಳ್ಳು ಅಂತಾದ್ರೆ ನನ್ನ ಸೀಲಿನ ಮರ್ಯಾದೆ ಏನು? ಭಾನುವಾರ ನಾನೂ ಬರ್ತೀನಿ. ಆ ಮನುಷ್ಯ ಎದ್ದೇ ಏಳಬೇಕು!"

ಶನಿವಾರ ಸಂಜೆ ಕಾಂಪೌಂಡರ್ ಬಂದರು. ಒಂದು ಖಾಲಿ ಹಾಳೆಯನ್ನು ಕೌಂಟರಿನ ಮೇಲಿಟ್ಟು "ಇದೊಂದು ಜೆರಾಕ್ಸ್" ಎಂದರು.

"ಇದರಲ್ಲಿ ಏನೂ ಇಲ್ವಲ್ಲ" ಎಂದೆ.

"ಇರಲಿ, ಕೊಡಮ್ಮ." ಖಾಲಿ ಹಾಳೆಯ ಪ್ರತಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಚೆನ್ನಾಗಿ ಬಂದಿದೆ. ಅಂದ ಹಾಗೆ, ನಾಳೆ ಎಷ್ಟು ಹೊತ್ತಿಗಂತೆ?"

"ಊಟ ಆದ ಮೇಲೆ."

"ನನಗೇನೂ ಆಗಬೇಕಾದ್ದಿಲ್ಲ. ಸುಮ್ಮನೆ ಕೇಳಿದೆ." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಮಾತ್ರೆ ತಗೋತಿದ್ದಾನಾ?"

ಇಲ್ಲ ಎಂದು ತಲೆಯಾಡಿಸಿದೆ. ಅವರ ಮುಖ ಸಣ್ಣದಾಯಿತು. ಖಾಲಿ ಹಾಳೆಗಳೆರಡನ್ನೂ ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಭಾನುವಾರ ಅಕ್ಕನ ಮನೆಯ ಮೇಜಿನ ಒಂದು ಕಡೆ ಭಾವ, ಇನ್ನೊಂದು ಕಡೆ ನಮ್ಮವರು, ಬೇಕರಿಯವರು, ಕರೆಯದೇ ಬಂದ ನೋಟರಿ. ಭಾವನ ಎದುರಿನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅಕ್ಕ ಹೊಲಿಗೆ ಯಂತ್ರದ ಮುಂದೆ, ನಾನು ಅವಳ ಪಕ್ಕದಲ್ಲಿ. ಬಾಗಿಲು ತೆರೆದಿತ್ತು. ಹೊರಗೆ ಮೆಟ್ಟಿಲ ಮೇಲೆ ಯಾರೋ ಕೂತು ಕೆಮ್ಮಿದ ಸದ್ದು.

"ಅವರು ಬಂದಿದ್ದಾರೆ. ಒಳಗೆ ಕರಿಯಲಾ?" ಎಂದಳು ಅಕ್ಕ.

"ಸತ್ತವರು ಮೇಜಿಗೆ ಬರೋ ಹಾಗಿಲ್ಲ" ಎಂದರು ಭಾವ. ಆದರೆ ತಮ್ಮ ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಸ್ವಲ್ಪ ತಿರುಗಿಸಿಕೊಂಡರು.

"ಸುರುಳಿ ತೆಗಿ ಪ್ಲಾಸ್ಟಿಕ್."

ನಮ್ಮವರು ನಾಲ್ಕು ಸತ್ಯ ಪ್ರತಿಗಳನ್ನು ಮೇಜಿನ ಮೇಲೆ ಹರಡಿದರು. ಭಾವ ಒಂದನ್ನು ಎತ್ತಿ, ಸೀಲು ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇದೇನಿದು?"

"ಓದೋಕೆ ಒಂದು, ಹರಿಯೋಕೆ ಒಂದು, ಎರಡು ಹೆಚ್ಚಿಗೆ ಇರಲಿ ಅಂತ ಅಣ್ಣ."

"ನಕಲಿಗೆ ಮಂತ್ರಶಕ್ತಿ ಇಲ್ಲ ಕಣೋ!"

ನೋಟರಿ ಎದ್ದು ನಿಂತರು. "ಸ್ವಾಮಿ, ನನ್ನ ಸೀಲು ಬಿದ್ದ ಮೇಲೆ ಅದು ನಕಲಲ್ಲ, ಸತ್ಯ ಪ್ರತಿ. ಎಲ್ಲಾ ಕಚೇರಿಯಲ್ಲೂ ನಡೆಯುತ್ತೆ."

"ಗುಹೇಲಿ ನಡೆಯಲ್ಲ!"

"ಯಾಕೆ ನಡೆಯಲ್ಲ? ನಿಮ್ಮ ಪುಸ್ತಕದಲ್ಲಿ ನಡೆಯಲ್ಲ ಅಂತ ಬರೆದಿದೆಯಾ?"

ಭಾವ ಪುಸ್ತಕ ತಿರುವಿದರು. ಬರೆದಿತ್ತು. ಭಾವನ ಪುಸ್ತಕದಲ್ಲಿ ಬರೆಯದೇ ಇರುವುದು ಕಡಿಮೆ. ನೋಟರಿ ಸೋತು ಕೂತು, "ಬಹಳ ಬಿಗಿಯಾದ ದಸ್ತಾವೇಜು" ಎಂದು ಮೆಚ್ಚಿದರು.

"ಮೂಲ ಎಲ್ಲಿ?" ಎಂದರು ಭಾವ. ನಮ್ಮವರು ಅಂಗಿಯೊಳಗಿನಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಠಕ್ ಎಂದು ಸದ್ದಾಯಿತು. ಕಾಗದ ಮಾಡುವ ಸದ್ದಲ್ಲ ಅದು.

ಭಾವನ ಕಣ್ಣು ಮೊದಲು ದುಂಡಗಾದ ಮೂಲೆಗಳಿಗೆ ಹೋಯಿತು. ಆ ಮೇಲೆ ಮಾಯವಾದ ಸುಟ್ಟ ಅಂಚಿಗೆ. "ನನ್ನ... ಅಂಚು..." ಎಂದರು. ಬೇಕರಿಯವರು ನೀರು ಕೊಟ್ಟರು.

"ಓದು" ಎಂದರು ಕೊನೆಗೆ. "ಓದಿ ಹಾಳಾಗು."

ನಮ್ಮವರು ಎದ್ದು ನಿಂತು, ಶಾಲೆಯ ಪ್ರಾರ್ಥನೆಯ ಹಾಗೆ ಕೈಕಟ್ಟಿ, ಗಟ್ಟಿಯಾಗಿ ಓದಿದರು. "ಏಳು, ಎದ್ದು ಬಾ. ದಾರಿ ಇನ್ನೂ ಮುಗಿದಿಲ್ಲ. ನಿನ್ನ ಕುರ್ಚಿ ಖಾಲಿ ಇದೆ." ಮೆಟ್ಟಿಲ ಮೇಲಿನ ಕೆಮ್ಮು ನಿಂತಿತು. ಇವರು ದಾಳ ಹಾಕಿದರು. ಮೇಜಿನ ನಡುವೆ ಅದು ಗಿರ್ರನೆ ತಿರುಗಿ ಕೂತಿತು.

ನಾಲ್ಕು.

ಅಕ್ಕ ನನ್ನ ಕೈ ಹಿಡಿದುಕೊಂಡಳು. ಭಾವ ಎದುರಿನ ಖಾಲಿ ಕುರ್ಚಿಯನ್ನು ನೋಡಿದರು. ಒಂದೇ ಗಳಿಗೆಗೆ ಹತ್ತು ವರ್ಷ ವಯಸ್ಸಾದವರ ಹಾಗೆ ಕಂಡರು.

"ನಿಯಮ ನಿಯಮವೇ" ಎಂದು ಗೊಣಗಿ ಸುರುಳಿಯನ್ನು ಕೈಗೆತ್ತಿಕೊಂಡು ಹರಿದರು.

ಹರಿಯಲಿಲ್ಲ.

ಎರಡೂ ಕೈಯಲ್ಲಿ ಹಿಡಿದು ಎಳೆದರು. ಮಂಡಿಗೆ ಕೊಟ್ಟು ಬಗ್ಗಿಸಿದರು. ಬಗ್ಗಿ, ಟಪ್ಪೆಂದು ನೆಟ್ಟಗಾಗಿ ಅವರ ಮೂಗಿಗೇ ಹೊಡೆಯಿತು. ಹಲ್ಲಿನಲ್ಲಿ ಕಚ್ಚಿದರು. ಬೇಕರಿಯವರನ್ನು ಕರೆದರು. ದಿನಾ ಮೂಟೆಗಟ್ಟಲೆ ಹಿಟ್ಟು ನಾದುವ ತೋಳುಗಳು ಅವು. ಒಂದು ತುದಿ ಭಾವ, ಇನ್ನೊಂದು ತುದಿ ಬೇಕರಿಯವರು, ಹಗ್ಗ ಜಗ್ಗಾಟವೇ ನಡೆಯಿತು. ಸುರುಳಿ ಹಾಗೇ ಹೊಳೆಯುತ್ತಿತ್ತು.

"ಅತಿ ದಪ್ಪದ್ದು ಅಣ್ಣ" ಎಂದರು ನಮ್ಮವರು, ವಿನಯದಿಂದ. "ಎರಡು ಸಲ ಯಂತ್ರಕ್ಕೆ ಕೊಟ್ಟಿದ್ದೀನಿ."

ಆಗ ನೋಟರಿ ಗಂಟಲು ಸರಿಮಾಡಿಕೊಂಡರು. ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು, ಜೀವನದಲ್ಲಿ ಬಹುಶಃ ಮೊದಲ ಬಾರಿಗೆ ಒಂದು ದಾಖಲೆಯನ್ನು ಪೂರ್ತಿ ಓದಿದರು. "'ಹರಿದ ಕ್ಷಣಕ್ಕೆ ಸುರುಳಿಯ ಶಕ್ತಿ ಮುಗಿಯತಕ್ಕದ್ದು.' ಇದು ತಮ್ಮದೇ ಅಕ್ಷರ ತಾನೇ ಸ್ವಾಮಿ?"

"ನನ್ನದೇ."

"ಸುರುಳಿ ಹರಿದಿದೆಯಾ?"

"ಇಲ್ಲ."

"ಹಾಗಾದ್ರೆ ಶಕ್ತಿ ಮುಗಿದಿಲ್ಲ. ಇನ್ನೊಂದು ಸಲ ಓದಬಹುದು. ಓದಬಹುದೇನು, ನಿಮ್ಮ ನಿಯಮದ ಪ್ರಕಾರ ಯಾರೂ ತಡೆಯೋ ಹಾಗಿಲ್ಲ."

ಭಾವನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು. ನುಂಗಲೂ ಆಗದು, ಉಗುಳಲೂ ಆಗದು. ಆದರೆ ಅವರು ತೂಕ ಅಳತೆಯ ಮನುಷ್ಯ. ಹರಿಯಲು ದಾರಿ ಒಂದು ಉಳಿದಿದೆ ಎಂದು ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಇರಲು ಅವರಿಗೆ ಬಾರದು.

"ಕತ್ತರಿ ಇದ್ರೆ ಕೊಡು" ಎಂದರು ಅಕ್ಕನಿಗೆ.

ಹೊಲಿಗೆಯವಳ ಮನೆ. ದೊಡ್ಡ ಕತ್ತರಿ ಅಕ್ಕನ ತಲೆಯ ಮೇಲೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ನಡುವಿನದು ಯಂತ್ರದ ಮೇಲಿತ್ತು. ದಾರ ಕತ್ತರಿಸುವ ಚಿಕ್ಕದು ಅವಳ ಬೆರಳಲ್ಲೇ ಇತ್ತು.

ಅಕ್ಕ ಗಂಡನ ಮುಖವನ್ನೇ ನೋಡಿದಳು. "ನಮ್ಮನೇಲಿ ಕತ್ತರಿ ಎಲ್ಲಿದೆ?" ಎಂದಳು.

ಭಾವನ ಕಣ್ಣು ಮೊಳೆಯ ಮೇಲಿನ ಕತ್ತರಿಗೆ ಹೋಯಿತು, ಯಂತ್ರದ ಮೇಲಿನದಕ್ಕೆ ಬಂತು, ಅಕ್ಕನ ಬೆರಳಿಗೆ ಇಳಿಯಿತು. ಬಾಳೆಲ್ಲ ಒಂದು ಚಮಚ ಕಡಿಮೆ ಅಳೆದವನನ್ನೂ ಬಿಡದ ಕಣ್ಣು ಅದು.

"ಹೌದು" ಎಂದರು ಭಾವ. "ನಮ್ಮನೇಲಿ ಕತ್ತರಿ ಇಲ್ಲ. ಓದಯ್ಯ."

ನಮ್ಮವರು ಮತ್ತೆ ಓದಿದರು. ದಾಳವನ್ನು ಅಷ್ಟು ಜೋರಾಗಿ ಹಾಕಬಾರದಿತ್ತು. ಅದು ಮೇಜಿಗೆ ತಾಗಿ, ನೋಟರಿಯ ಲೋಟಕ್ಕೆ ತಾಗಿ, ನೆಲಕ್ಕೆ ಹಾರಿ, ಉರುಳಿ ಉರುಳಿ ಸೀದಾ ಹೊಲಿಗೆ ಯಂತ್ರದ ಕೆಳಗೆ ಹೋಯಿತು.

ಬೇಕರಿಯವರು ಹೊಟ್ಟೆಯ ಮೇಲೆ ಮಲಗಿ ಟಾರ್ಚು ಬಿಟ್ಟರು. "ಹದಿನೆಂಟು!" ಎಂದು ಕೂಗಿದರು. ನಾನೂ ಅಕ್ಕನೂ ಬಗ್ಗಿ ನೋಡಿದೆವು. ಹದಿನೆಂಟೇ.

ನಮ್ಮವರು ಕುಣಿಯಲು ಒಂದು ಕಾಲೆತ್ತಿದ್ದರು. ಭಾವ ಕೈ ಅಡ್ಡ ಹಿಡಿದರು. ಬಾಗಿಲ ಕಡೆ ಮುಖ ಮಾಡಿ, ಗೋಡೆಗೆ ಹೇಳುವವರ ಹಾಗೆ ಹೇಳಿದರು: "ನೆಲಕ್ಕೆ ಬಿದ್ದ ದಾಳ ಲೆಕ್ಕಕ್ಕಿಲ್ಲ ಅಂತ ಈ ಮನೇಲಿ ಒಬ್ಬರು ವಾದ ಮಾಡಿದ್ರು. ಅವರು ಏನಂತಾರೋ ಕೇಳಬೇಕು."

ಅಕ್ಕನ ಉಗುರು ನನ್ನ ಅಂಗೈಗೆ ನಾಟಿತು. ನಮ್ಮವರು ಇನ್ನೂ ಒಂದೇ ಕಾಲಲ್ಲಿ ನಿಂತಿದ್ದರು.

"ಎಲ್ಲಿ ಬಿದ್ದರೂ ಬಿದ್ದದ್ದೇ" ಎಂದಿತು ಮೆಟ್ಟಿಲ ಮೇಲಿನ ದನಿ. "ನಿಯಮ."

ಕಾಂಪೌಂಡರ್ ಚಪ್ಪಲಿ ಬಿಟ್ಟು ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ಹೋಗಿ ಭಾವನ ಎದುರಿನ ಕುರ್ಚಿಯಲ್ಲಿ ಕೂತರು. ಜೇಬಿನಿಂದ ಮಾತ್ರೆ ತೆಗೆದು ಮೇಜಿನ ಮೇಲಿಟ್ಟರು. ಭಾವ ತೆಗೆದುಕೊಂಡರು, ಬೇಕರಿಯವರು ಕೊಟ್ಟಿದ್ದ ನೀರಿನಲ್ಲೇ ನುಂಗಿದರು.

"ಬಾಯಿ ತೆಗಿ" ಎಂದರು ಕಾಂಪೌಂಡರ್.

ಭಾವ ತೆಗೆದರು. ಅಕ್ಕ ಅಳುತ್ತಿದ್ದಳು, ನಾನೂ ಅತ್ತೆ. ನೋಟರಿ ಸಹಿತ ಕರವಸ್ತ್ರ ತೆಗೆದರು. ನಮ್ಮವರೊಬ್ಬರು ಮಾತ್ರ, "ಅದಕ್ಕೇ ನಾನು ಹೇಳೋದು, ಏನೇ ಇರಲಿ ಲ್ಯಾಮಿನೇಟ್ ಮಾಡಿಸಿಬಿಡಬೇಕು" ಎಂದು ಬೇಕರಿಯವರಿಗೆ ವಿವರಿಸುತ್ತಿದ್ದರು.

ಭಾವ ಕಣ್ಣು ಒರೆಸಿಕೊಂಡು ಸುರುಳಿಯನ್ನು ಕೈಗೆತ್ತಿಕೊಂಡರು. ಮಂತ್ರ ಫಲಿಸಿತ್ತು. ಫಲಿಸಿದರೂ ಹರಿಯಲೇಬೇಕಲ್ಲ.

"ಈಗ ಕತ್ತರಿ ಕೊಡು" ಎಂದರು.

ಅಕ್ಕ ಎದ್ದು ಮೊಳೆಯಿಂದ ದೊಡ್ಡ ಕತ್ತರಿ ತೆಗೆದು ಕೊಟ್ಟಳು. ಭಾವ ಸುರುಳಿಯನ್ನು ನಡುಮಧ್ಯಕ್ಕೆ ಕತ್ತರಿಸಿ, ಎರಡೂ ತುಂಡನ್ನು ಬೆಳಕಿಗೆ ಹಿಡಿದು ಸಮ ಇದೆಯೇ ಎಂದು ನೋಡಿದರು. ಒಂದು ತುಂಡನ್ನು ಕಾಂಪೌಂಡರ್ ಕಡೆ ತಳ್ಳಿದರು, ಇನ್ನೊಂದನ್ನು ನಮ್ಮವರ ಕಡೆ. ಸ್ವಲ್ಪ ದೊಡ್ಡದು ಇವರಿಗೆ ಬಂದಿತ್ತು. ಭಾವ ಅದನ್ನು ನೋಡಿಯೂ ಸುಮ್ಮನಿದ್ದರು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದಂತೆ ಭಾವ ಬಂದರು. ಅವರು ನಮ್ಮ ಅಂಗಡಿಯ ಮೆಟ್ಟಿಲು ತುಳಿದದ್ದು ಅದೇ ಮೊದಲು. ತಮ್ಮ ದಪ್ಪ ಪುಸ್ತಕದಿಂದ ಬಿಡಿಸಿ ತಂದ ಒಂದು ಹಾಳೆಯನ್ನು ಕೌಂಟರಿನ ಮೇಲಿಟ್ಟರು. ಹೊಸ ನಿಯಮ, ಶಾಯಿ ಇನ್ನೂ ಒಣಗಿರಲಿಲ್ಲ.

"ಯಾವುದೇ ಮಾಂತ್ರಿಕನು ಯಾವುದೇ ಸುರುಳಿಯನ್ನು ಲ್ಯಾಮಿನೇಟ್ ಮಾಡತಕ್ಕದ್ದಲ್ಲ."

"ಮಾಂತ್ರಿಕರೇ" ಎಂದರು ಭಾವ ನಮ್ಮವರಿಗೆ. ಪ್ಲಾಸ್ಟಿಕ್ ಎನ್ನಲಿಲ್ಲ. "ಇದನ್ನ ಲ್ಯಾಮಿನೇಟ್ ಮಾಡಿಕೊಡಿ. ಅತಿ ದಪ್ಪದ್ದು ಹಾಕಿ, ಎರಡು ಸಲ ಯಂತ್ರಕ್ಕೆ ಕೊಡಿ. ಯಾವತ್ತೂ ಹರಿಯಬಾರದು."